ಲೆಕ್ಕಕ್ಕೆ ಸಿಗದ ಬ್ಲಾಕುಗಳು

ಬ್ಯಾಸ್ಕೆಟ್‌ಬಾಲ್ ಹುಚ್ಚಿರುವ ಇಬ್ಬರು ಕಾಲು ಗಂಟೆ ಒಂದು ಕಡೆ ಕೂತರೆ ಮಾತು ಕೊನೆಗೆ ಅಲ್ಲಿಗೇ ಬಂದು ಮುಟ್ಟುತ್ತದೆ: ಎಲ್ಲರಿಗಿಂತ ದೊಡ್ಡ ಆಟಗಾರ ಯಾರು? ಮೈಕೆಲ್ ಜೋರ್ಡನ್ನೋ, ಲೆಬ್ರಾನ್ ಜೇಮ್ಸೋ? ತಲೆ ಸ್ವಲ್ಪ ನರೆತವರಿದ್ದರೆ ಕರೀಂ ಅಬ್ದುಲ್ ಜಬ್ಬಾರ್, ಮ್ಯಾಜಿಕ್ ಜಾನ್ಸನ್ ಹೆಸರೂ ಬರುತ್ತವೆ. ಈ ಜಗಳ ನನಗೆ ಇಷ್ಟ. ಮಾಡಲು ಕೆಲಸವಿಲ್ಲದವರ ಹರಟೆ ಎಂದು ಅದನ್ನು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ಆಟವನ್ನು ಹೇಗೆ ನೋಡಬೇಕು, ಅದರೊಳಗೆ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ನನಗೆ ಕಲಿಸಿದ್ದೇ ಈ ಜಗಳ. ನನ್ನ ತಕರಾರು ಇರುವುದು ಅದನ್ನು ಆಡುವ ರೀತಿಯ ಬಗ್ಗೆ. ಈಗೀಗ ಅದು ಬರೀ ಉಂಗುರ ಎಣಿಸುವ ಕೆಲಸವಾಗಿಬಿಟ್ಟಿದೆ.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಗೆದ್ದ ತಂಡದ ಪ್ರತಿಯೊಬ್ಬ ಆಟಗಾರನಿಗೂ ಒಂದು ಉಂಗುರ ಸಿಗುತ್ತದೆ. ಜೋರ್ಡನ್‌ಗೆ ಆರು, ಆಡಿದ್ದು ಆರು ಫೈನಲ್, ಆರೂ ಗೆಲುವು. ಲೆಬ್ರಾನ್‌ಗೆ ನಾಲ್ಕು, ಆಡಿದ್ದು ಹತ್ತು ಫೈನಲ್. ಅಲ್ಲಿಗೆ ಮಾತು ಮುಗಿಯಿತು ಎನ್ನುತ್ತಾರೆ. ಹಾಗಿದ್ದರೆ ರಾಬರ್ಟ್ ಹಾರಿಗೆ ಏಳು ಉಂಗುರವಿದೆ. ಹ್ಯೂಸ್ಟನ್, ಲಾಸ್ ಏಂಜಲಿಸ್, ಸ್ಯಾನ್ ಆಂಟೋನಿಯೊ, ಹೀಗೆ ಮೂರು ಊರಿನ ತಂಡಗಳಲ್ಲಿ ಗೆದ್ದವನು, ಕೊನೇ ಗಳಿಗೆಯ ಶಾಟ್‌ಗಳಿಗೆ ಹೆಸರಾದವನು. ಅವನು ಜೋರ್ಡನ್‌ಗಿಂತ ದೊಡ್ಡವನು ಎಂದು ಅವನ ಅಭಿಮಾನಿಗಳೂ ಹೇಳಿದ್ದನ್ನು ನಾನು ಕೇಳಿಲ್ಲ. ಆ ಕಡೆ ಜೆರ್ರಿ ವೆಸ್ಟ್‌ನನ್ನು ನೋಡಿ. ಒಂಬತ್ತು ಫೈನಲ್‌ನಲ್ಲಿ ಎಂಟು ಸೋತ. 1969ರಲ್ಲಿ ಫೈನಲ್‌ನ ಶ್ರೇಷ್ಠ ಆಟಗಾರ ಎಂಬ ಪ್ರಶಸ್ತಿಯನ್ನು ಮೊಟ್ಟಮೊದಲ ಬಾರಿಗೆ ಕೊಟ್ಟಾಗ ಅದು ಸಿಕ್ಕಿದ್ದು ಸೋತ ತಂಡದ ಈ ವೆಸ್ಟ್‌ಗೆ. ಅಲ್ಲಿಂದೀಚೆಗೆ ಸೋತವನೊಬ್ಬನಿಗೂ ಅದು ದಕ್ಕಿಲ್ಲ.

ಉಂಗುರದ ಲೆಕ್ಕದಲ್ಲಿ ಇನ್ನೊಂದು ಅನ್ಯಾಯವಿದೆ. 1988, 89, 90, ಸತತ ಮೂರು ವರ್ಷ ಜೋರ್ಡನ್‌ನ ಬುಲ್ಸ್ ತಂಡ ಡೆಟ್ರಾಯಿಟ್ ಪಿಸ್ಟನ್ಸ್ ಕೈಯಲ್ಲಿ ಸೋತಿತು. ಆ ಸೋಲುಗಳೆಲ್ಲ ಫೈನಲ್‌ಗಿಂತ ಮೊದಲೇ ಆದವು, ಹಾಗಾಗಿ ಅವು ಯಾರ ಬಾಯಲ್ಲೂ ಬರುವುದಿಲ್ಲ. ಲೆಬ್ರಾನ್ 22ನೇ ವಯಸ್ಸಿನಲ್ಲಿ, 2007ರಲ್ಲಿ, ಸಾಧಾರಣ ತಂಡವೊಂದನ್ನು ಫೈನಲ್‌ವರೆಗೆ ಎಳೆದು ತಂದು ಅಲ್ಲಿ ಸೋತ. ಅದು ಮಾತ್ರ ಅವನ ಖಾತೆಯಲ್ಲಿ ಕಪ್ಪು ಚುಕ್ಕೆ. ಮುಂದೆ ಹೋಗಿ ಸೋತವನಿಗಿಂತ ಹಿಂದೆಯೇ ಸೋತವನು ಮೇಲು ಎನ್ನುವ ಲೆಕ್ಕವನ್ನು ನಾನು ಒಪ್ಪಲಾರೆ.

ನಮ್ಮ ಬಡಾವಣೆಯ ಪಾರ್ಕಿಗೆ ಅಂಟಿಕೊಂಡು ಒಂದು ಸಿಮೆಂಟ್ ಕೋರ್ಟ್ ಇದೆ. ಭಾನುವಾರ ಬೆಳಗ್ಗೆ ಆಟ ಮುಗಿಸಿ ಅದರ ಕಟ್ಟೆಯ ಮೇಲೆ ಕೂತು ನಾನೂ ನನ್ನ ಅಕ್ಕನ ಮಗನೂ ಈ ಜಗಳ ಆಡುತ್ತೇವೆ. ಅವನಿಗೆ ಲೆಬ್ರಾನ್ ಬಿಟ್ಟರೆ ಇನ್ನೊಬ್ಬನಿಲ್ಲ. ಅದಕ್ಕೆ ಕಾರಣವೂ ಇದೆ. ಅಮೆರಿಕದಲ್ಲಿ ಭಾನುವಾರ ರಾತ್ರಿ ನಡೆಯುವ ಪಂದ್ಯ ನಮಗೆ ಸೋಮವಾರ ಬೆಳಗಿನದು. 2016ರ ಜೂನ್‌ನ ಅಂಥ ಒಂದು ಸೋಮವಾರ, ಅವನು ಹೈಸ್ಕೂಲು ಹುಡುಗ, ಟಿವಿ ಮುಂದಿನಿಂದ ಏಳಲಿಲ್ಲ. ಲೆಬ್ರಾನ್‌ನ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ಮತ್ತು ಗೋಲ್ಡನ್ ಸ್ಟೇಟ್ ವಾರಿಯರ್ಸ್ ನಡುವಿನ ಫೈನಲ್‌ನ ಕೊನೆಯ, ಏಳನೇ ಪಂದ್ಯ ಅದು. ವಾರಿಯರ್ಸ್ ಆ ಋತುವಿನಲ್ಲಿ 73 ಗೆದ್ದು ಬರೀ 9 ಸೋತಿತ್ತು. ಅಷ್ಟು ಗೆಲುವು ಅದಕ್ಕೂ ಹಿಂದೆ ಯಾರಿಗೂ ಸಿಕ್ಕಿರಲಿಲ್ಲ. ಫೈನಲ್‌ನಲ್ಲಿ 3–1 ಮುಂದಿದ್ದವರು ಸರಣಿ ಬಿಟ್ಟುಕೊಟ್ಟ ಉದಾಹರಣೆಯೂ ಇರಲಿಲ್ಲ.

ಸ್ಕೋರ್ 89–89. ಎರಡೂ ತಂಡಕ್ಕೂ ಚೆಂಡು ಒಳಗೆ ಬೀಳುವುದೇ ನಿಂತುಹೋಗಿತ್ತು. ಇನ್ನೇನು ಎರಡು ನಿಮಿಷ ಉಳಿದಿಲ್ಲ ಎನ್ನುವಾಗ ಕ್ಲೀವ್‌ಲ್ಯಾಂಡ್‌ನ ಶಾಟ್ ತಪ್ಪಿ ವಾರಿಯರ್ಸ್‌ನ ಆಂಡ್ರೆ ಇಗ್ವಡಾಲ ಕೈಗೆ ಚೆಂಡು ಸಿಕ್ಕಿತು. ಓಡುತ್ತಲೇ ಸ್ಟೆಫ್ ಕರಿಗೆ ಪಾಸ್ ಕೊಟ್ಟ, ಕರಿ ನೆಲಕ್ಕೆ ಪುಟಿಸಿ ವಾಪಸ್ ಕೊಟ್ಟ. ಮುಂದೆ ಬರೀ ಬೋರ್ಡು, ರಿಂಗು. ಇಗ್ವಡಾಲ ಲೇಅಪ್‌ಗೆ ಎಗರಿದ. ಎಲ್ಲಿದ್ದನೋ ಲೆಬ್ರಾನ್, ಹಿಂದಿನಿಂದ ಓಡಿಬಂದು ರಿಂಗಿನ ಎತ್ತರಕ್ಕೆ ಹಾರಿ ಆ ಚೆಂಡನ್ನು ಬೋರ್ಡಿಗೆ ಒತ್ತಿ ಬಡಿದ. ಆ ಬ್ಲಾಕ್ ನೋಡಿ ನಮ್ಮ ಹುಡುಗ ಕಿರುಚಿದ್ದಕ್ಕೆ ಅಡುಗೆಮನೆಯಿಂದ ಅಕ್ಕ ಓಡಿ ಬಂದಳು.

ಅವನಿಗೆ ನೆನಪಿರುವುದು ಇಷ್ಟು. ನಾನು ಆ ತುಣುಕನ್ನು ಮತ್ತೆ ಮತ್ತೆ ನಿಧಾನಗತಿಯಲ್ಲಿ ನೋಡಿದ್ದೇನೆ. ಲೆಬ್ರಾನ್‌ಗಿಂತ ಮೊದಲು ಅಲ್ಲಿಗೆ ಮುಟ್ಟಿದವನು ಅವನ ಜೊತೆಗಾರ ಜೆ.ಆರ್. ಸ್ಮಿತ್. ಅವನಿಗೆ ಚೆಂಡು ಸಿಗಲಿಲ್ಲ, ಆದರೆ ಅವನು ಅಡ್ಡ ಹಾರಿದ್ದರಿಂದ ಇಗ್ವಡಾಲ ಗಾಳಿಯಲ್ಲೇ ಚೆಂಡನ್ನು ಒಂದಿಷ್ಟು ಕೆಳಗಿಳಿಸಿ ಮತ್ತೆ ಎತ್ತಬೇಕಾಯಿತು. ಕಣ್ಣು ಮಿಟುಕಿಸುವಷ್ಟು ತಡ. ಆ ತಡದಲ್ಲಿ ಲೆಬ್ರಾನ್ ಬಂದು ತಲುಪಿದ. ಆಮೇಲೆ 53 ಸೆಕೆಂಡ್ ಇರುವಾಗ ಕೈರಿ ಅರ್ವಿಂಗ್ ಕರಿಯ ತಲೆ ಮೇಲಿಂದ ಮೂರು ಪಾಯಿಂಟಿನ ಶಾಟ್ ಹಾಕಿದ. ಮರುಗಳಿಗೆ ಕೆವಿನ್ ಲವ್, ಡಿಫೆನ್ಸ್ ಬರುವುದಿಲ್ಲ ಎಂದು ಎಲ್ಲರಿಂದ ಬೈಸಿಕೊಂಡಿದ್ದ ಆ ದೊಡ್ಡ ಮೈಯವನು, ಅದೇ ಕರಿಯ ಎದುರು ಎಡಕ್ಕೆ ಬಲಕ್ಕೆ ಕಾಲು ಹಾಕುತ್ತಾ ಶಾಟ್ ತಪ್ಪುವ ಹಾಗೆ ಮಾಡಿದ. 93–89. ಆ ಸರಣಿಯಲ್ಲಿ ಎರಡೂ ತಂಡಗಳ ಎಲ್ಲರಿಗಿಂತ ಹೆಚ್ಚು ಪಾಯಿಂಟ್, ರಿಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್, ಐದೂ ಲೆಬ್ರಾನ್‌ನದೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಸ್ಮಿತ್‌ನ ಆ ಹಾರಾಟ ಯಾವ ಅಂಕಪಟ್ಟಿಯಲ್ಲೂ ಇಲ್ಲ.

‘ಇದನ್ನ ನೋಡಿದ ಮೇಲೂ ಜೋರ್ಡನ್ ಅಂತೀಯಾ ಮಾಮ?’ ಎಂದು ಕೇಳುತ್ತಾನೆ.

‘ಜೋರ್ಡನ್ ಅಲ್ಲ ಕಣೋ. ಬಿಲ್ ರಸೆಲ್.’

‘ಅದು ಕಪ್ಪು ಬಿಳುಪು ಕಾಲ.’

ಹೌದು, ಕಪ್ಪು ಬಿಳುಪು ಕಾಲ. ಇಸವಿ 1957, ಏಪ್ರಿಲ್. ಬಾಸ್ಟನ್ ಸೆಲ್ಟಿಕ್ಸ್ ಮತ್ತು ಸೇಂಟ್ ಲೂಯಿಸ್ ಹಾಕ್ಸ್ ನಡುವಿನ ಫೈನಲ್‌ನ ಏಳನೇ ಪಂದ್ಯ. ರಸೆಲ್‌ಗೆ ಅದು ಮೊದಲ ಋತು. ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು ಡಿಸೆಂಬರ್‌ನಲ್ಲಷ್ಟೇ ತಂಡ ಸೇರಿದ್ದ. ಪಂದ್ಯದ ಕೊನೆಯ ನಿಮಿಷ, ಬಾಸ್ಟನ್ ಒಂದೇ ಪಾಯಿಂಟ್ ಮುಂದೆ. ಹಾಕ್ಸ್‌ನ ಜ್ಯಾಕ್ ಕೋಲ್ಮನ್‌ಗೆ ಕೋರ್ಟಿನ ನಡುಮಧ್ಯೆ ಚೆಂಡು ಸಿಕ್ಕಿತು, ಎದುರಿಗೆ ಯಾರೂ ಇಲ್ಲ. ರಸೆಲ್ ಇದ್ದದ್ದು ಕೋರ್ಟಿನ ಆಚೆ ಕೊನೆಯಲ್ಲಿ. ಅಲ್ಲಿಂದ ಓಡಿದ. ಕೋಲ್ಮನ್ ಅದಾಗಲೇ ಓಟದಲ್ಲಿದ್ದ, ರಸೆಲ್ ನಿಂತಲ್ಲಿಂದ ಹೊರಟವನು. ಆದರೂ ಹಿಡಿದು, ಲೇಅಪ್ ತಡೆದ. ಆ ಪಂದ್ಯ ಎರಡು ಹೆಚ್ಚುವರಿ ಅವಧಿ ಕಂಡು 125–123ಕ್ಕೆ ಮುಗಿದು ಬಾಸ್ಟನ್‌ಗೆ ಮೊದಲ ಪ್ರಶಸ್ತಿ ತಂದಿತು. 2016ರ ಬ್ಲಾಕನ್ನು ಭೂಮಿಯ ಮೇಲಿನ ಅರ್ಧ ಜನ ಫೋನಿನಲ್ಲಿ ನೋಡಿದ್ದಾರೆ. ಅದೇ ಓಟ, ಅದೇ ಹಾರಾಟ, ಅದೇ ಏಳನೇ ಪಂದ್ಯ, 59 ವರ್ಷ ಹಿಂದಿನದು, ಕಂಡವರ ಮಾತಿನಲ್ಲಿ ಉಳಿದಿದೆ.

ಇನ್ನೂ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಎನ್‌ಬಿಎ ಬ್ಲಾಕ್‌ಗಳನ್ನು ಎಣಿಸಲು ಶುರು ಮಾಡಿದ್ದು 1973–74ರ ಋತುವಿನಿಂದ. ರಸೆಲ್ ಆಟ ಬಿಟ್ಟದ್ದು 1969ರಲ್ಲಿ. ಅಂದರೆ ಚೆಂಡು ತಡೆಯುವುದನ್ನೇ ಒಂದು ವಿದ್ಯೆಯನ್ನಾಗಿ ಮಾಡಿದವನ ಹೆಸರಿನಲ್ಲಿ ಅಧಿಕೃತವಾಗಿ ಒಂದು ಬ್ಲಾಕೂ ಇಲ್ಲ. ವಿದ್ಯೆ ಎಂದು ನಾನು ಸುಮ್ಮನೆ ಹೇಳುತ್ತಿಲ್ಲ. ಈಗಲೂ ಎಷ್ಟೋ ಎತ್ತರದ ಆಟಗಾರರು ಎದುರಾಳಿಯ ಶಾಟ್ ಬಡಿದು ಪ್ರೇಕ್ಷಕರ ನಡುವೆ ಎಸೆಯುತ್ತಾರೆ. ಚಪ್ಪಾಳೆ ಜೋರಾಗಿ ಬೀಳುತ್ತದೆ, ಆದರೆ ಚೆಂಡು ಮತ್ತೆ ಎದುರಾಳಿಗೇ. ರಸೆಲ್ ಹಾಗೆ ಬಡಿಯುತ್ತಿರಲಿಲ್ಲ, ಬೆರಳ ತುದಿಯಿಂದ ತಟ್ಟಿ ತನ್ನವರ ಕೈಗೆ ಬೀಳಿಸುತ್ತಿದ್ದ. ಅಲ್ಲಿಂದ ಬಾಬ್ ಕೂಸಿ ಓಟ ಕಿತ್ತರೆ ಈ ಕಡೆ ತಪ್ಪಿದ ಎರಡು ಪಾಯಿಂಟ್ ಆ ಕಡೆ ಸೇರುತ್ತಿತ್ತು. ಅಂಕಪಟ್ಟಿಯಲ್ಲಿ ಆ ಎರಡು ಪಾಯಿಂಟ್ ಕೂಸಿಯದೋ ಬಿಲ್ ಶಾರ್ಮನ್‌ನದೋ ಆಗಿರುತ್ತಿತ್ತು. ಎದುರಾಳಿಗಳು ಹೆದರಿ ಎತ್ತದೇ ಬಿಟ್ಟ ಶಾಟ್‌ಗಳಂತೂ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಈ ಲೆಕ್ಕದ ತಕರಾರಿಗೆ ಎದುರು ಹೆಸರು ಒಂದಿದೆ: ವಿಲ್ಟ್ ಚೇಂಬರ್ಲಿನ್. ಏಳಡಿ ದಾಟಿದ ಆಳು. 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯದ ಹರ್ಷೆ ಊರಿನಲ್ಲಿ, ನಾಲ್ಕು ಸಾವಿರದ ಚಿಲ್ಲರೆ ಜನರೆದುರು, ನ್ಯೂಯಾರ್ಕ್ ನಿಕ್ಸ್ ವಿರುದ್ಧ ಒಬ್ಬನೇ 100 ಪಾಯಿಂಟ್ ಹಾಕಿದ. ಅವನ ಫ್ರೀ ಥ್ರೋ ಬಹಳ ದುರ್ಬಲ. ಆ ರಾತ್ರಿ ಮಾತ್ರ 32ರಲ್ಲಿ 28 ಒಳಗೆ ಬಿದ್ದವು. ಪಂದ್ಯದ ಚಿತ್ರೀಕರಣವಿಲ್ಲ. ಕಾಗದದ ಮೇಲೆ ನೂರು ಎಂದು ಬರೆದು ಅವನ ಕೈಗೆ ಕೊಟ್ಟು ತೆಗೆದ ಒಂದು ಫೋಟೊ ಇದೆ. ಆ ಇಡೀ ಋತುವಿನಲ್ಲಿ ಅವನ ಸರಾಸರಿ ಪಂದ್ಯಕ್ಕೆ 50.4. ಆ ಸಂಖ್ಯೆಯ ಹತ್ತಿರಕ್ಕೂ ಯಾರೂ ಸುಳಿದಿಲ್ಲ. ಹಾಗಾದರೆ ಆ ಋತುವಿನ ಶ್ರೇಷ್ಠ ಆಟಗಾರ ಯಾರು? ಆಗ ಮತ ಹಾಕುತ್ತಿದ್ದವರು ಆಟಗಾರರೇ. ರಾತ್ರಿ ರಾತ್ರಿ ಇಬ್ಬರ ಎದುರೂ ಆಡಿ, ಇಬ್ಬರ ಮೊಣಕೈ ಪೆಟ್ಟನ್ನೂ ತಿಂದವರು. ಅವರು ಆರಿಸಿದ್ದು ರಸೆಲ್‌ನನ್ನು.

ಹಳೆಯ ಕ್ರಿಕೆಟ್ ಪ್ರೇಮಿಗಳಿಗೆ ಇದು ಥಟ್ಟನೆ ಅರ್ಥವಾಗುತ್ತದೆ. 1975ರಲ್ಲಿ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್ ಎದುರು ನಮ್ಮ ಜಿ.ಆರ್. ವಿಶ್ವನಾಥ್ ಔಟಾಗದೆ ಹೊಡೆದ 97 ರನ್ ಶತಕಗಳ ಪಟ್ಟಿಯಲ್ಲಿಲ್ಲ. ಅದನ್ನು ಕಂಡವರನ್ನು ಕೇಳಿ ನೋಡಿ, ಎಷ್ಟು ಶತಕ ಕೊಟ್ಟರೂ ಅದನ್ನು ಬಿಟ್ಟುಕೊಡುವುದಿಲ್ಲ.

‘ಎಂಟೇ ತಂಡ ಇತ್ತಲ್ಲ ಮಾಮ ಅವನ ಶುರುವಿನ ವರ್ಷಗಳಲ್ಲಿ. ಎರಡು ಸರಣಿ ಗೆದ್ದರೆ ಚಾಂಪಿಯನ್.’

ಈ ಮಾತಿನಲ್ಲಿ ಹುರುಳಿದೆ. ಇವತ್ತಿನ 30 ತಂಡಗಳ, ನಾಲ್ಕು ಸುತ್ತಿನ ಹೋರಾಟದ ಜೊತೆ ರಸೆಲ್‌ನ 13 ಋತುಗಳ 11 ಪ್ರಶಸ್ತಿಯನ್ನು ಒಂದೇ ತಕ್ಕಡಿಯಲ್ಲಿ ಇಡಲಾಗದು. ಜಗತ್ತಿನ ಎಲ್ಲ ಮೂಲೆಗಳಿಂದ ಆಟಗಾರರು ಬರುವ ಕಾಲವೂ ಅದಲ್ಲ. ಹಾಗೆಂದು ಎಂಟು ತಂಡ ಎಂದರೆ ಸುಲಭ ಎಂದಲ್ಲ. ಜಾಗ ಕಡಿಮೆ ಇದ್ದದ್ದರಿಂದ ಬಲಹೀನ ತಂಡಗಳೂ ಕಡಿಮೆ. ಚೇಂಬರ್ಲಿನ್ ಎದುರು ರಸೆಲ್ ಆಡಿದ್ದು ನೂರನಲವತ್ತಕ್ಕೂ ಹೆಚ್ಚು ಸಲ. ಈಗಿನ ಯಾವ ದೊಡ್ಡ ಆಟಗಾರನಿಗೂ ತನ್ನ ಅತಿ ದೊಡ್ಡ ಎದುರಾಳಿಯ ಮುಖ ಅಷ್ಟು ಸಲ ನೋಡುವ ಪ್ರಸಂಗವಿಲ್ಲ. ಸರಣಿ ಏಳನೇ ಪಂದ್ಯದವರೆಗೆ ಹೋದದ್ದು ಅವನ ಆಯುಷ್ಯದಲ್ಲಿ ಹತ್ತು ಸಲ. ಹತ್ತೂ ಸಲ ಗೆದ್ದ.

ಆ ಗೆಲುವುಗಳು ಎಂಥ ಕಾಲದಲ್ಲಿ, ಎಂಥ ಊರಿಗಾಗಿ ಎಂಬುದನ್ನೂ ನಾನು ಎಣಿಸುತ್ತೇನೆ. 1961ರಲ್ಲಿ ಕೆಂಟಕಿಯ ಲೆಕ್ಸಿಂಗ್‌ಟನ್‌ನಲ್ಲಿ ಒಂದು ಪ್ರದರ್ಶನ ಪಂದ್ಯ. ಹೋಟೆಲಿನಲ್ಲಿ ಸೆಲ್ಟಿಕ್ಸ್‌ನ ಕಪ್ಪು ಆಟಗಾರರಿಗೆ ಊಟ ಕೊಡಲು ನಿರಾಕರಿಸಿದರು. ರಸೆಲ್ ಮತ್ತು ಅವನ ಜೊತೆಯವರು ಆಡದೆ ವಿಮಾನ ಹತ್ತಿ ವಾಪಸ್ ಬಂದರು. ಬಾಸ್ಟನ್ ಹತ್ತಿರದ ಅವನ ಸ್ವಂತ ಮನೆಗೇ ಕಿಡಿಗೇಡಿಗಳು ನುಗ್ಗಿ ಗೋಡೆಯ ಮೇಲೆ ಹೊಲಸು ಬರೆದು, ಹಾಸಿಗೆಯ ಮೇಲೆ ಮಲ ಮಾಡಿ ಹೋದರು. ಇದನ್ನೆಲ್ಲ ಉಂಡು ಮರುದಿನ ಅದೇ ಊರಿನ ಅಂಗಿ ತೊಟ್ಟು ಕೋರ್ಟಿಗಿಳಿಯುವುದು ಆಟದ ಹೊರಗಿನ ವಿಷಯ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. 1966ರಲ್ಲಿ ಅವನನ್ನೇ ತಂಡದ ಕೋಚ್ ಮಾಡಿದರು. ಎನ್‌ಬಿಎಯ ಮೊದಲ ಕಪ್ಪು ಕೋಚ್ ಅವನು. ಕೊನೆಯ ಎರಡು ಪ್ರಶಸ್ತಿ ಗೆದ್ದದ್ದು ಆಡುತ್ತಾ, ಆಡಿಸುತ್ತಾ.

ಅದರಲ್ಲಿ ಕೊನೆಯದು 1969ರದು. ಸೆಲ್ಟಿಕ್ಸ್‌ಗೆ ವಯಸ್ಸಾಗಿತ್ತು, ತಮ್ಮ ವಿಭಾಗದಲ್ಲೇ ನಾಲ್ಕನೇ ಸ್ಥಾನ. ಎದುರಿಗೆ ಲಾಸ್ ಏಂಜಲಿಸ್ ಲೇಕರ್ಸ್: ವೆಸ್ಟ್, ಎಲ್ಜಿನ್ ಬೇಲರ್, ಮೇಲಿಂದ ಆ ವರ್ಷವಷ್ಟೇ ಬಂದ ಚೇಂಬರ್ಲಿನ್. ಏಳನೇ ಪಂದ್ಯ ಲೇಕರ್ಸ್ ಅಂಗಳದಲ್ಲಿ. ಗೆಲುವು ಖಂಡಿತ ಎಂದು ಮಾಲೀಕರು ಚಾವಣಿಗೆ ಬಲೆ ಕಟ್ಟಿ ಅದರ ತುಂಬ ಬಲೂನು ತುಂಬಿಸಿದ್ದರು. ಕೊನೆಯ ಹೊತ್ತಿನಲ್ಲಿ ಡಾನ್ ನೆಲ್ಸನ್‌ನ ಒಂದು ಶಾಟ್ ರಿಂಗಿನ ಹಿಂಬದಿಗೆ ಬಡಿದು ನೇರ ಮೇಲಕ್ಕೆ ಚಿಮ್ಮಿ ಮತ್ತೆ ರಿಂಗಿನೊಳಗೇ ಬಿತ್ತು. 108–106, ಬಾಸ್ಟನ್. ವೆಸ್ಟ್ 42 ಪಾಯಿಂಟ್ ಹಾಕಿದ್ದ. ಬಲೂನುಗಳು ಇದ್ದಲ್ಲೇ ಇದ್ದವು. ರಸೆಲ್ ಮತ್ತೆ ಆಡಲಿಲ್ಲ. ಫೈನಲ್‌ನ ಶ್ರೇಷ್ಠ ಆಟಗಾರನ ಪ್ರಶಸ್ತಿಗೆ 2009ರಲ್ಲಿ ಅವನ ಹೆಸರಿಟ್ಟರು. ಆ ಪ್ರಶಸ್ತಿ ಅವನಿಗೇ ಒಮ್ಮೆಯೂ ಬಂದಿರಲಿಲ್ಲ.

ಜೋರ್ಡನ್ ಪಕ್ಷದವರನ್ನು ನಾನು ಕಡೆಗಣಿಸುತ್ತಿಲ್ಲ. ಒಬ್ಬ ಆಟಗಾರನ ಕೈಗೆ ಒಂದು ಚೆಂಡು, ಒಂದು ಶಾಟ್ ಕೊಟ್ಟು ನನ್ನ ಜೀವ ಪಣಕ್ಕಿಡು ಎಂದರೆ ನಾನು ಕೊಡುವುದು ಜೋರ್ಡನ್ ಕೈಗೇ. ಆದರೆ ಅವನ ಕಥೆಯೂ ನನ್ನ ಕಡೆಗೇ ಸಾಕ್ಷಿ ಹೇಳುತ್ತದೆ. 1986ರಲ್ಲಿ ಬಾಸ್ಟನ್ ಎದುರು ಒಬ್ಬನೇ 63 ಪಾಯಿಂಟ್ ಹಾಕಿದ, ತಂಡ ಸೋತಿತು. 1997ರ ಫೈನಲ್‌ನ ಆರನೇ ಪಂದ್ಯದಲ್ಲಿ ಯೂಟಾ ಎದುರು 86–86 ಆಗಿದ್ದಾಗ ಇಡೀ ಕ್ರೀಡಾಂಗಣಕ್ಕೆ ಗೊತ್ತಿತ್ತು ಚೆಂಡು ಯಾರಿಗೆ ಹೋಗುತ್ತದೆ ಎಂದು. ಅವನಿಗೂ ಗೊತ್ತಿತ್ತು, ತನ್ನ ಮೇಲೆ ಇಬ್ಬರು ಬೀಳುತ್ತಾರೆ ಎಂದು. ಜೊತೆಗಾರ ಸ್ಟೀವ್ ಕೆರ್‌ಗೆ ಮೊದಲೇ ಹೇಳಿ ಇಟ್ಟಿದ್ದ, ಸಿದ್ಧವಾಗಿರು ಎಂದು. ಇಬ್ಬರು ಬಿದ್ದರು, ಜೋರ್ಡನ್ ಪಾಸ್ ಕೊಟ್ಟ, ಕೆರ್ ಶಾಟ್ ಹಾಕಿದ, ಬುಲ್ಸ್ ಗೆದ್ದಿತು. ಎರಡು ವರ್ಷ ಹಿಂದೆ ತಾಲೀಮಿನಲ್ಲಿ ಇದೇ ಕೆರ್‌ನ ಕಣ್ಣಿಗೆ ಜೋರ್ಡನ್ ಗುದ್ದಿದ್ದ. 63 ಪಾಯಿಂಟಿನ ರಾತ್ರಿಗಿಂತ ಆ ಒಂದು ಪಾಸ್ ನನಗೆ ದೊಡ್ಡದಾಗಿ ಕಾಣುತ್ತದೆ.

ತಂಡಗಳ ಜಗಳ ಇನ್ನೂ ಗೋಜಲು. 1996ರ ಬುಲ್ಸ್ 72 ಗೆದ್ದು 10 ಸೋತು ಪ್ರಶಸ್ತಿ ಹೊಡೆಯಿತು. 2016ರ ವಾರಿಯರ್ಸ್ ಅದಕ್ಕಿಂತ ಒಂದು ಹೆಚ್ಚು ಗೆದ್ದು ಪ್ರಶಸ್ತಿ ಕಳೆದುಕೊಂಡಿತು. ಮರುವರ್ಷ ಕೆವಿನ್ ಡುರಾಂಟ್‌ನನ್ನು ಸೇರಿಸಿಕೊಂಡು ಪ್ಲೇಆಫ್‌ನಲ್ಲಿ 16 ಗೆದ್ದು ಒಂದೇ ಸೋತಿತು. ಆ ಬುಲ್ಸ್, ಈ ವಾರಿಯರ್ಸ್, ಇವೆರಡನ್ನೂ ಎದುರುಬದುರು ನಿಲ್ಲಿಸಿದರೆ? ಯಾವ ಕಾಲದ ನಿಯಮದಲ್ಲಿ ನಿಲ್ಲಿಸುವುದು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಬುಲ್ಸ್ ಆಡಿದ ವರ್ಷ ಮೂರು ಪಾಯಿಂಟಿನ ಗೆರೆಯನ್ನು ರಿಂಗಿನ ಹತ್ತಿರಕ್ಕೆ ಎಳೆದಿದ್ದರು. ಎದುರಾಳಿಯ ಮೈಮೇಲೆ ಕೈಯಿಟ್ಟು ತಡೆಯಲು ಆಗ ಅವಕಾಶವಿತ್ತು. 2004ರಿಂದ ಅದಕ್ಕೆ ಕಡಿವಾಣ ಬಿತ್ತು. ಕರಿಗೆ ಆ ಕೈಗಳು, ಬುಲ್ಸ್‌ನ ಸ್ಕಾಟಿ ಪಿಪ್ಪೆನ್‌ನ ಉದ್ದನೆಯ ಕೈಗಳು, ಅಂಟಿಕೊಂಡಿದ್ದರೆ ಆಟ ಹೇಗಿರುತ್ತಿತ್ತೋ.

ಹಾಗಾಗಿ ಯಾರು ಯಾರನ್ನು ಸೋಲಿಸುತ್ತಿದ್ದರು ಎಂಬುದನ್ನು ಬಿಟ್ಟು, ಐದು ಜನರ ಈ ಆಟವನ್ನು ಯಾರು ಅದರ ಪೂರ್ಣತೆಯಲ್ಲಿ ಆಡಿದರು ಎಂದು ಕೇಳುವುದು ನನಗೆ ಸರಿಯಾಗಿ ಕಾಣುತ್ತದೆ. ನನ್ನ ಉತ್ತರ 2014ರ ಸ್ಯಾನ್ ಆಂಟೋನಿಯೊ ಸ್ಪರ್ಸ್. ಅದರ ಕಥೆ ಹಿಂದಿನ ವರ್ಷದಿಂದ ಶುರುವಾಗಬೇಕು. 2013ರ ಫೈನಲ್, ಲೆಬ್ರಾನ್ ಆಗ ಆಡುತ್ತಿದ್ದ ಮಯಾಮಿ ಎದುರು ಆರನೇ ಪಂದ್ಯ, ಸ್ಪರ್ಸ್ ಮೂರು ಪಾಯಿಂಟ್ ಮುಂದೆ. ಪ್ರಶಸ್ತಿ ಸಮಾರಂಭಕ್ಕೆ ಕೋರ್ಟಿನ ಸುತ್ತ ಹಳದಿ ಹಗ್ಗ ಹಿಡಿದು ಸಿಬ್ಬಂದಿ ನಿಂತೂ ಆಗಿತ್ತು. ಲೆಬ್ರಾನ್‌ನ ಶಾಟ್ ತಪ್ಪಿತು, ಕ್ರಿಸ್ ಬಾಷ್ ರಿಬೌಂಡ್ ಹಿಡಿದ, ರೇ ಆ್ಯಲನ್ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಾ ಮೂಲೆಗೆ ಸರಿದ. ಗೆರೆಯನ್ನು ನೋಡಲು ತಲೆ ಬಗ್ಗಿಸಲಿಲ್ಲ. ಕೆಳಗೆ ಮಲಗಿ, ಧಿಗ್ಗನೆ ಎದ್ದು, ಹಿಮ್ಮುಖವಾಗಿ ಮೂಲೆಗೆ ಓಡಿ ಶಾಟ್ ಹಾಕುವ ಅಭ್ಯಾಸವನ್ನು ಅವನು ವರ್ಷಗಟ್ಟಲೆ ಮಾಡಿಕೊಂಡು ಬಂದಿದ್ದ. 5.2 ಸೆಕೆಂಡ್ ಉಳಿದಿತ್ತು. ಚೆಂಡು ಒಳಗೆ. ಸ್ಪರ್ಸ್ ಆ ಪಂದ್ಯವನ್ನೂ, ಮುಂದಿನದನ್ನೂ ಸೋತಿತು.

ಅಂಥ ಸೋಲಿನ ನಂತರ ತಂಡಗಳು ಒಡೆಯುತ್ತವೆ. ಇವರು ಒಡೆಯದೆ ಮರುವರ್ಷ ಮತ್ತೆ ಬಂದರು. ವರ್ಜಿನ್ ದ್ವೀಪದ ಟಿಮ್ ಡಂಕನ್, ಅರ್ಜೆಂಟೀನಾದ ಮಾನು ಜಿನೋಬಿಲಿ, ಫ್ರಾನ್ಸ್‌ನ ಟೋನಿ ಪಾರ್ಕರ್ ಮತ್ತು ಬೋರಿಸ್ ಡಿಯಾ, ಬ್ರೆಜಿಲ್‌ನ ಸ್ಪ್ಲಿಟರ್, ಇಟಲಿಯ ಬೆಲಿನೆಲ್ಲಿ, ಆಸ್ಟ್ರೇಲಿಯದ ಪ್ಯಾಟಿ ಮಿಲ್ಸ್. ಇಡೀ ಋತುವಿನಲ್ಲಿ ಒಬ್ಬ ಆಟಗಾರನ ಸರಾಸರಿಯೂ ಪಂದ್ಯಕ್ಕೆ 30 ನಿಮಿಷ ಮುಟ್ಟಲಿಲ್ಲ. ಫೈನಲ್‌ನಲ್ಲಿ ಅದೇ ಮಯಾಮಿ, ಅದೇ ಲೆಬ್ರಾನ್. ಮೂರನೇ ಪಂದ್ಯದ ಮೊದಲರ್ಧದಲ್ಲಿ ಸ್ಪರ್ಸ್ 33 ಶಾಟ್‌ಗಳಲ್ಲಿ 25 ಒಳಗೆ ಹಾಕಿ 71 ಪಾಯಿಂಟ್ ಗಳಿಸಿತು. ಆ ಅರ್ಧವನ್ನು ಒಮ್ಮೆ ನೋಡಿ. ಚೆಂಡು ಯಾರ ಕೈಯಲ್ಲೂ ನಿಲ್ಲುವುದಿಲ್ಲ. ಒಳ್ಳೆಯ ಶಾಟ್ ಸಿಕ್ಕವನು ಅದನ್ನು ಬಿಟ್ಟು ಇನ್ನೂ ಒಳ್ಳೆಯ ಜಾಗದಲ್ಲಿರುವವನಿಗೆ ಕೊಡುತ್ತಾನೆ. ಅಂಕಪಟ್ಟಿ ಕೊನೆಯ ಪಾಸ್ ಒಂದನ್ನೇ ಅಸಿಸ್ಟ್ ಎಂದು ಬರೆದುಕೊಳ್ಳುತ್ತದೆ. ಡಿಫೆನ್ಸನ್ನು ನಿಜವಾಗಿ ಒಡೆದ ಅದರ ಹಿಂದಿನ ಪಾಸ್, ಅದರ ಹಿಂದಿನ ಪಾಸ್ ಎಲ್ಲೂ ಕಾಣುವುದಿಲ್ಲ. 4–1ಕ್ಕೆ ಸರಣಿ ಮುಗಿಯಿತು. ಐದು ಪಂದ್ಯಗಳ ಒಟ್ಟು ಅಂತರ 70 ಪಾಯಿಂಟ್.

ಮೊನ್ನೆ ಭಾನುವಾರ ಅಕ್ಕನ ಮಗ ಹೊಸ ವರಸೆ ತೆಗೆದ. ‘ಸರಿ ಮಾಮ, ನಿನ್ನ ರಸೆಲ್‌ನನ್ನೇ ನಡುವೆ ನಿಲ್ಲಿಸೋಣ. ಅವನು ಪಂದ್ಯಕ್ಕೆ ಹದಿನೈದು ಪಾಯಿಂಟ್ ಹಾಕೋನು. ಕೊನೇ ಶಾಟ್ ಯಾರು ಹಾಕ್ತಾರೆ?’

ರಸೆಲ್‌ನ ಜೊತೆಗಾರ ಸ್ಯಾಮ್ ಜೋನ್ಸ್ ಎಂದೆ. ಅವನು ಆ ಹೆಸರನ್ನೇ ಕೇಳಿರಲಿಲ್ಲ. ಹತ್ತು ಪ್ರಶಸ್ತಿ, ರಸೆಲ್‌ನನ್ನು ಬಿಟ್ಟರೆ ಅಷ್ಟು ಗೆದ್ದ ಆಟಗಾರ ಇನ್ನೊಬ್ಬನಿಲ್ಲ. ಬೋರ್ಡಿಗೆ ತಾಗಿಸಿ ಒಳಗೆ ಬೀಳಿಸುವ ಶಾಟ್‌ನಲ್ಲಿ ಎತ್ತಿದ ಕೈ. ಹರ್ಷೆಯ 100 ಪಾಯಿಂಟ್ ಆಗಿ ಒಂದು ತಿಂಗಳು ಕಳೆದಿತ್ತಷ್ಟೇ, 1962ರ ಏಪ್ರಿಲ್. ಬಾಸ್ಟನ್ ಮತ್ತು ಚೇಂಬರ್ಲಿನ್‌ನ ಫಿಲಡೆಲ್ಫಿಯ ನಡುವೆ ಏಳನೇ ಪಂದ್ಯ, 107–107. ಕೆಲವೇ ಸೆಕೆಂಡ್ ಉಳಿದಿದ್ದಾಗ ಚೇಂಬರ್ಲಿನ್‌ನ ಚಾಚಿದ ಕೈಯ ಮೇಲಿಂದ ಜೋನ್ಸ್ ಹಾಕಿದ ಶಾಟ್ ಒಳಗೆ ಬಿತ್ತು, 109–107. ಹುಡುಗ ಫೋನ್ ತೆಗೆದು ಹುಡುಕಿ, ಅಷ್ಟನ್ನೂ ಓದಿ, ‘ಇವನು ಇದ್ದ ಮೇಲೆ ರಸೆಲ್‌ಗೆ ಹನ್ನೊಂದು ಬಂದಿದ್ದರಲ್ಲಿ ಏನು ಆಶ್ಚರ್ಯ ಮಾಮ?’ ಎಂದ. ಅಲ್ಲಿಂದ ಜಗಳ ಮತ್ತೆ ಶುರುವಾಯಿತು.